ಜಾಲತಾಣದ ನಾಮಾಂತರ

ಹೊಸಪೇಟೆಯು ಕನ್ನಡಿಗರ ಬಾಯಲ್ಲಿ ಹಿಂದಿನಿಂದಲೂ ಹೊಸಪೇಟೆಯೇ ಆಗಿದ್ದಿತು. ಬಳ್ಳಾರಿಯು ಬಳ್ಳಾರಿಯೇ ಆಗಿದ್ದಿತು. ಆದರೂ ೨೦೧೪ನೆಯ ಇಸವಿ ನವೆಂಬರ್ ೧ರಂದು ರಾಜ್ಯದ ಹನ್ನೆರಡು ಪಟ್ಟಣಗಳ ಹೆಸರುಗಳು ಬದಲಾದುವೆಂದು ಸರ್ಕಾರವು ಸಾರಿದಾಗ ಆ ಪಟ್ಟಿಯಲ್ಲಿ ಈ ಎರಡು ಊರುಗಳೂ ಸೇರಿದ್ದುವು. ಹಾಗಾದರೆ ಬದಲಾದುದೇನು? ರೋಮನ್ ಲಿಪಿಯ ಕಾಗುಣಿತ ಮಾತ್ರ. ಇಂಗ್ಲಿಷರು ಆರು ಅಕ್ಷರಗಳಲ್ಲಿ ಹಾಸ್ಪೆಟ್ ಎಂದು ಬರೆದಿಟ್ಟಿದ್ದ ಊರಿಗೆ ಇನ್ನೆರಡು ಅಕ್ಷರಗಳು ಸೇರಿ ಎಂಟಾದುವು. ಬಳ್ಳಾರಿಯ ಏಳು ಅಕ್ಷರಗಳಲ್ಲಿ ಎರಡು ಬೇರೆಯಾದುವು. ಊರು ಇದ್ದಲ್ಲಿಯೇ ಇದ್ದಿತು. ಪಂಪೆಯು ಹಂಪೆಯಾದುದೂ, ಕೃಷ್ಣದೇವರಾಯನ ಕಾಲದ ನಾಗಲಾಪುರವು ಹೊಸಪೇಟೆಯಾದುದೂ ಜನರ ನಾಲಗೆಯ ಮೇಲೆ ಬಹುಕಾಲದಲ್ಲಿ ನಡೆದ ಕಾರ್ಯಗಳು. ಇದಾದರೋ ಒಂದು ಸರ್ಕಾರಿ ಪ್ರಕಟಣೆಯಿಂದ ಒಂದೇ ದಿನದಲ್ಲಿ ಆದ ಕಾರ್ಯ.

ಎರಡು ಅಕ್ಷರಗಳಿಂದ ಏನು ಮಹಾ ಕೆಡುಕಾದೀತು ಎಂದು ವಾಚಕರು ಕೇಳಬಹುದು. ಅಂಚೆಯ ವಿಷಯದಲ್ಲಿ ಏನೂ ಕೆಡುಕಾಗಲಿಲ್ಲ. ನಾನಿರುವ ವಡ್ಡು ಗ್ರಾಮದ ಹೆಸರನ್ನು ರೋಮನ್ ಲಿಪಿಯಲ್ಲಿ ಒಬ್ಬರು ಒಂದು ಬಗೆಯಾಗಿಯೂ ಇನ್ನೊಬ್ಬರು ಇನ್ನೊಂದು ಬಗೆಯಾಗಿಯೂ ಬರೆಯುವರು; ಅಂಚೆಯವನು ಎರಡನ್ನೂ ತಂದುಕೊಡುವನು. ಅವನಿಗೆ ವಿವೇಚನೆಯುಂಟು, ಊರಿನ ಪರಿಚಯವುಂಟು. ಆದರೆ ಈಗ ನಮ್ಮ ಮಕ್ಕಳು ಮೊಮ್ಮಕ್ಕಳು ವ್ಯಾಪಾರ ವ್ಯವಹಾರಗಳನ್ನು ಜಾಲತಾಣಗಳ ಮೂಲಕ ನಡೆಸುತ್ತಿರುವರಷ್ಟೆ. ಅಲ್ಲಿ ಅಂಚೆಯವನ ಕೆಲಸವನ್ನು ಯಂತ್ರವು ಮಾಡುತ್ತದೆ, ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಒಂದಕ್ಷರ ಹೆಚ್ಚಾದರೂ ಕಡಮೆಯಾದರೂ ಅದು ಬೇರೆಯೇ ಹೆಸರು, ಬೇರೆಯೇ ಬಾಗಿಲು. ಆದುದರಿಂದಲೇ ಬಳ್ಳಾರಿ ಜಿಲ್ಲಾಡಳಿತದ ಜಾಲತಾಣವು ತನ್ನ ಹೆಸರಿನ ಹಳೆಯ ಕಾಗುಣಿತವನ್ನು ಬಿಟ್ಟು ಹೊಸದನ್ನು ಹಿಡಿಯಬೇಕಾಯಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದಾಗ ಹೊಸಪೇಟೆ ಹಂಪೆಗಳು ಅದಕ್ಕೆ ಸೇರಿದುವು. ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ಆಗ ಹೊಸ ಜಿಲ್ಲೆಗೆ ಹೊಸ ಜಾಲತಾಣವೂ ಹೊಸ ಹೆಸರೂ ಆಗಬೇಕಾದುವು.

ಸರ್ಕಾರಕ್ಕೆ ಇದನ್ನೆಲ್ಲ ಮಾಡಿಕೊಡುವ ಇಲಾಖೆಯುಂಟು. ಮನೆಯವರಿಗೆ ಯಾರು? ನನ್ನ ಹಳೆಯ ಶಿಷ್ಯನೊಬ್ಬನು ಹೊಸಪೇಟೆಯಲ್ಲಿ, ಹಂಪೆಗೆ ಬರುವ ಯಾತ್ರಿಕರಿಗಾಗಿ ನಾಲ್ಕು ಕೋಣೆಗಳ ವಸತಿಗೃಹವನ್ನು ನಡೆಸುತ್ತಿದ್ದಾನೆ. ಅವನ ಜಾಲತಾಣದ ಹೆಸರಿನಲ್ಲಿ ಊರಿನ ಹಳೆಯ ಕಾಗುಣಿತವೇ ಇದ್ದಿತು. ಹೊಸ ಕಾಗುಣಿತಕ್ಕೆ ಬದಲಿಸಬೇಕೆಂದು ಅವನಿಗೆ ಮನಸ್ಸಾಯಿತು. ಆದರೆ ಜಾಲತಾಣವನ್ನು ಇರಿಸಲು ಒಂದು ಹೋಸ್ಟಿಂಗ್ ಕಂಪನಿಯನ್ನು ಆರಿಸಿ, ಮೂರು ವರ್ಷಗಳ ಹಣವನ್ನು ಆಗಲೇ ಕೊಟ್ಟುಬಿಟ್ಟಿದ್ದನು. "ಗುರುಗಳೇ, ಹೆಸರು ಬದಲಿಸಿದರೆ ಮನೆಯನ್ನೂ ಖಾಲಿ ಮಾಡಬೇಕೇ? ಕೊಟ್ಟ ಹಣ ಹೋಯಿತೇ?" ಎಂದು ಕೇಳಿದನು. ನಾನು ಈ ವಿದ್ಯೆಯಲ್ಲಿ ಪಂಡಿತನಲ್ಲ. ಆದರೆ ನಿವೃತ್ತನಿಗೆ ಹೊತ್ತು ಬೇಕಾದಷ್ಟು ಇರುವುದರಿಂದ, ತಿಳಿದವರನ್ನು ಕೇಳಿಯೂ ಅವನ ಪಕ್ಕದಲ್ಲಿ ಕುಳಿತು ನೋಡಿಯೂ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ ಮಾತಿದು: ಹೆಸರು ಬೇರೆ, ಮನೆ ಬೇರೆ. ಜಾಲತಾಣದ ಚಿತ್ರಗಳು, ಬರಹಗಳು, ದರಪಟ್ಟಿ ಇವೆಲ್ಲ ಎಲ್ಲಿಯೋ ಒಂದು ಸರ್ವರ್ ಎಂಬ ಕಂಪ್ಯೂಟರಿನಲ್ಲಿ ಇರುತ್ತವೆ. ಆ ಸ್ಥಳವನ್ನು ಬಾಡಿಗೆಗೆ ಕೊಡುವವರೇ ಹೋಸ್ಟಿಂಗ್ ಕಂಪನಿಯವರು. ಅದಕ್ಕೆ ಅಂಕೆಗಳಿಂದಾದ ಒಂದು ವಿಳಾಸವಿರುವುದು. ಅಂಕೆಗಳನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟವಾದುದರಿಂದ ಅವುಗಳಿಗೆ ಹೆಸರನ್ನು ಗಂಟುಹಾಕಿದರು. ಇದೇ ಡೊಮೈನ್ ಹೆಸರು. ಅಮೇರಿಕೆಯಲ್ಲಿ ಈ ಜಾಲವು ಶಿಶುವಾಗಿದ್ದಾಗ ಎಲ್ಲ ಯಂತ್ರಗಳ ಹೆಸರು ಅಂಕೆಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದು ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಇಟ್ಟಿದ್ದರು. ಬೇಕಾದವರು ಅದನ್ನು ಪ್ರತಿಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಆ ಪಟ್ಟಿಯು ಕೈಗೆ ನಿಲುಕದೆ ಹೋಯಿತು. ಆಗ ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು, ಹೆಸರುಗಳ ಪಟ್ಟಿಯನ್ನು ಹಲವು ಕಡೆಗಳಿಗೆ ಹಂಚಿ, ಒಬ್ಬರನ್ನು ಕೇಳಿದರೆ ಅವರು ಮುಂದಿನವರನ್ನು ತೋರಿಸುವಂತಹ ಏರ್ಪಾಡನ್ನು ಕಲ್ಪಿಸಿದರು. ಇಂದಿಗೂ ನಡೆಯುತ್ತಿರುವುದು ಅದೇ. ನಮ್ಮ ದೇಶದ 'ಡಾಟ್ ಇನ್' ಹೆಸರುಗಳ ಪಟ್ಟಿಯನ್ನು ನಿಕ್ಸಿ ಎಂಬ ಸಂಸ್ಥೆಯು ನೋಡಿಕೊಳ್ಳುತ್ತದೆ. ೨೦೦೫ರಿಂದ ಆ ಹೆಸರುಗಳು ಸಾಮಾನ್ಯರೆಲ್ಲರಿಗೂ ಸುಲಭವಾಗಿ ದೊರೆಯುತ್ತಿವೆ.

ಇದಕ್ಕೆ ಹೊಸಪೇಟೆಯ ರೈಲುನಿಲ್ದಾಣವೇ ಒಳ್ಳೆಯ ನಿದರ್ಶನ. ನಿಲ್ದಾಣದ ಫಲಕದ ಮೇಲೆ ಇಂಗ್ಲಿಷ್ ಹೆಸರು ಬದಲಾಯಿತು. ಆದರೆ ಟಿಕೆಟ್ಟಿನ ಮೇಲೆ ಅಚ್ಚಾಗುವ 'ಎಚ್‌ಪಿಟಿ' ಎಂಬ ಮೂರಕ್ಷರದ ಸಂಕೇತವು ಮೊದಲಿನದೇ. ರೈಲು ಅದೇ ಹಳಿಯ ಮೇಲೆ ಅದೇ ಕಟ್ಟೆಗೆ ಬಂದು ನಿಲ್ಲುತ್ತದೆ. ಹೀಗೆಯೇ ಜಾಲತಾಣದ ಹೆಸರನ್ನು ಬದಲಿಸಿದರೂ ಅದು ಇರುವ ಸರ್ವರಿನ ಅಂಕೆಯು ಬದಲಾಗಬೇಕಾಗಿಲ್ಲ. ನನ್ನ ಶಿಷ್ಯನು ಕೊಟ್ಟ ಮೂರು ವರ್ಷಗಳ ಬಾಡಿಗೆಯು ಹೋಗಲಿಲ್ಲ. ಹೊಸ ಹೆಸರನ್ನು ಕೊಂಡು, ಅದು ಅದೇ ಮನೆಯ ಕಡೆಗೆ ಬೆರಳು ತೋರಿಸುವಂತೆ ಮಾಡಿದರೆ ಸಾಕಾಗಿದ್ದಿತು.

ಸಾಕಾಗಿದ್ದಿತು ಎಂದೆನಷ್ಟೆ. ಇಲ್ಲಿ ಒಂದು ತೊಡಕಿದೆ. ಗೃಹಸ್ಥರು ಹೆಚ್ಚಾಗಿ ಎಡವುವುದು ಅಲ್ಲಿಯೇ. ಹೋಸ್ಟಿಂಗ್ ಕಂಪನಿಗಳಲ್ಲಿ ಅನೇಕರು 'ಮೊದಲ ವರ್ಷ ಹೆಸರು ಉಚಿತ' ಎಂದು ಸಾರುವರು. ಮನೆಯನ್ನೂ ಹೆಸರನ್ನೂ ಒಂದೇ ಗಂಟಿನಲ್ಲಿ ಕೊಟ್ಟುದರಿಂದ, ಕೊಂಡವನಿಗೆ ಅವೆರಡೂ ಒಂದೇ ವಸ್ತುವೆಂಬ ಭ್ರಾಂತಿಯು ಹುಟ್ಟುತ್ತದೆ. ಒಮ್ಮೆ ನೋಂದಾಯಿಸಿದ ಹೆಸರಿನಲ್ಲಿ ಒಂದಕ್ಷರವನ್ನೂ ತಿದ್ದಲಾಗದು. ಹೊಸ ಕಾಗುಣಿತ ಬೇಕೆಂದರೆ ಹೊಸ ಹೆಸರನ್ನೇ ಬೇರೆಯಾಗಿ ಕೊಳ್ಳಬೇಕು. ಅದು ಹಾಗಿರಲಿ. ಹೆಸರು ಯಾರ ಖಾತೆಯಲ್ಲಿದೆಯೆಂಬುದು ಇದಕ್ಕಿಂತಲೂ ದೊಡ್ಡ ಪ್ರಶ್ನೆ. ಹೊಲವನ್ನು ಉಳುತ್ತಿರುವವನು ತಾನಾದರೂ ಪಹಣಿಯಲ್ಲಿ ಇನ್ನೊಬ್ಬನ ಹೆಸರಿದ್ದರೆ ಏನಾಗುವುದೆಂಬುದನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ನನಗೆ ಪರಿಚಯದ ಒಂದು ಕುಟುಂಬದವರು ತಮ್ಮ ಅಂಗಡಿಯ ಜಾಲತಾಣವನ್ನು ಒಬ್ಬ ಗುತ್ತಿಗೆದಾರನಿಂದ ಮಾಡಿಸಿದರು. ಹಣವನ್ನು ಇವರು ಕೊಟ್ಟರು. ಹೆಸರನ್ನು ಆತನು ತನ್ನ ಇ-ಮೇಲ್ ವಿಳಾಸವನ್ನು ಕೊಟ್ಟು ತನ್ನ ಹೆಸರಿನಲ್ಲಿಯೇ ನೋಂದಾಯಿಸಿಕೊಂಡನು. ಕೆಲವು ವರ್ಷಗಳ ಮೇಲೆ ಮನಸ್ತಾಪವಾಗಿ ಆತನು ಫೋನನ್ನು ಎತ್ತುವುದನ್ನೇ ಬಿಟ್ಟನು. ಅಂಗಡಿಯ ಫಲಕದ ಮೇಲೆ, ಚೀಲಗಳ ಮೇಲೆ, ರಸೀತಿಗಳ ಮೇಲೆ ಅಚ್ಚಾಗಿದ್ದ ಹೆಸರು ತಮ್ಮದಲ್ಲವೆಂಬುದು ಆಗ ಅವರಿಗೆ ತಿಳಿಯಿತು. ಇಂತಹ ವ್ಯಾಜ್ಯಗಳನ್ನು ತೀರಿಸಲು 'ಡಾಟ್ ಇನ್' ಹೆಸರುಗಳಿಗೆ ನಮ್ಮ ದೇಶದಲ್ಲಿಯೂ, 'ಡಾಟ್ ಕಾಮ್' ಮೊದಲಾದುವುಗಳಿಗೆ ೧೯೯೯ರಿಂದ ಅಂತರರಾಷ್ಟ್ರೀಯವಾಗಿಯೂ ಪಂಚಾಯತಿಯ ಕ್ರಮಗಳುಂಟು. ಆದರೆ ಅಲ್ಲಿಗೆ ಹೋಗಲು ತಗಲುವ ವೆಚ್ಚವು ಹೆಸರಿನ ವಾರ್ಷಿಕ ಶುಲ್ಕಕ್ಕಿಂತ ಎಷ್ಟೋ ಪಾಲು ಹೆಚ್ಚು.

ಆದುದರಿಂದ ನಾಮಾಂತರಕ್ಕೆ ಕೈಹಾಕುವ ಮೊದಲು ನೋಡತಕ್ಕದ್ದು ಇದು: ಹೆಸರನ್ನು ನೋಂದಾಯಿಸಿಕೊಡುವ ರಿಜಿಸ್ಟ್ರಾರ್ ಕಂಪನಿಯಲ್ಲಿರುವ ಖಾತೆಗೆ ಬೀಗದ ಕೈ, ಎಂದರೆ ಪಾಸ್‌ವರ್ಡು, ನಮ್ಮಲ್ಲಿದೆಯೇ? ಅಲ್ಲಿ ಒಡೆಯನೆಂದು ಬರೆದಿರುವುದು ಯಾರನ್ನು? ಕೊಟ್ಟಿರುವ ಇ-ಮೇಲ್ ಯಾರದು? ಈ ಮೂರಕ್ಕೂ ಸರಿಯಾದ ಉತ್ತರವಿದ್ದರೆ ಮಿಕ್ಕುದೆಲ್ಲ ಕೈಗೆಲಸ. ನೋಂದಾಯಿಸಿದ ಅಥವಾ ಇನ್ನೊಬ್ಬ ರಿಜಿಸ್ಟ್ರಾರನಿಗೆ ವರ್ಗಾಯಿಸಿದ ಹೆಸರನ್ನು ಸಾಮಾನ್ಯವಾಗಿ ೬೦ ದಿನಗಳವರೆಗೆ ಮತ್ತೆ ವರ್ಗಾಯಿಸಲು ಬಿಡುವುದಿಲ್ಲ. ಅವಸರದಲ್ಲಿರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನೊಂದು ಮಾತು: ಹೆಸರನ್ನು ಕೊಳ್ಳುತ್ತೇವೆಂದು ವಾಡಿಕೆಯಲ್ಲಿ ಹೇಳಿದರೂ ಅದು ಕ್ರಯವಲ್ಲ, ಗೇಣಿ. ವರ್ಷಕ್ಕೊಮ್ಮೆ ಹಣ ಕಟ್ಟುತ್ತಿರಬೇಕು. ಒಂದೇ ಬಾರಿಗೆ ಹೆಚ್ಚೆಂದರೆ ಹತ್ತು ವರ್ಷಗಳಿಗೆ ಕಟ್ಟಬಹುದು.

ನನ್ನ ಶಿಷ್ಯನ ಹೆಸರು ಅದೃಷ್ಟವಶಾತ್ ಅವನ ಖಾತೆಯಲ್ಲಿಯೇ ಇದ್ದಿತು. ಹೊಸ ಹೆಸರನ್ನು ಕೊಂಡ ತರುವಾಯ ಹೋಸ್ಟಿಂಗ್ ಕಂಪನಿಯ ಖಾತೆಯೊಳಗೆ ಹೋಗಿ, ಈ ಮನೆಗೆ ಈ ಹೆಸರೂ ಉಂಟೆಂದು ಅದನ್ನು ಸೇರಿಸಿದನು. ಅನಂತರ ರಿಜಿಸ್ಟ್ರಾರಿನ ಕಡೆ ಹೊಸ ಹೆಸರಿಗೆ ಅದೇ ಮನೆಯ ವಿಳಾಸವನ್ನು ಬರೆದನು. ಈ ಸಮಾಚಾರವು ಲೋಕದ ಮೂಲೆಮೂಲೆಯ ಪಟ್ಟಿಗಳಿಗೆಲ್ಲ ಮುಟ್ಟಲು ಕೆಲವು ಗಂಟೆಗಳು ಸಾಕು. ಒಮ್ಮೊಮ್ಮೆ ಎರಡು ದಿನಗಳೂ ಹಿಡಿಯಬಹುದು. ಅವನು ಅರ್ಧಗಂಟೆಗೊಮ್ಮೆ ನೋಡಿ, ಕಾಣದೆ, ಕಳವಳಗೊಂಡು, ಸರಿಯಾಗಿ ಬರೆದಿದ್ದುದನ್ನೇ ಅಳಿಸಿ ಮತ್ತೊಮ್ಮೆ ಬರೆಯಲು ಹೊರಟಿದ್ದನು. ಹಿತ್ತಲಿನಲ್ಲಿ ಬೀಜ ಹಾಕಿ ದಿನವೂ ಅಗೆದು ನೋಡುವ ಹುಡುಗರಂತೆ ಆಯಿತು. ಮರುದಿನ ಬೆಳಿಗ್ಗೆ ನೋಡುವಾಗ ತಾನಾಗಿಯೇ ತೆರೆದುಕೊಂಡಿದ್ದಿತು. ಮನೆಯೊಳಗಿನ ಬರಹಗಳಲ್ಲಿಯೂ ಹಳೆಯ ಹೆಸರು ಅಲ್ಲಲ್ಲಿ ಅವಿತಿರುತ್ತದೆ; ವರ್ಡ್‌ಪ್ರೆಸ್ ಮೊದಲಾದ ಸಲಕರಣೆಗಳಿಂದ ಕಟ್ಟಿದ ಜಾಲತಾಣಗಳಲ್ಲಿ ಅದನ್ನು ಹುಡುಕಿ ಬದಲಿಸಬೇಕು. ಬದಲಿಸುವ ಮೊದಲು ಇಡೀ ಜಾಲತಾಣದ ಒಂದು ಪ್ರತಿಯನ್ನು ಬೇರೆಡೆಯಲ್ಲಿ ಇಟ್ಟುಕೊಂಡಿರಬೇಕು.

ಇನ್ನು ಹಳೆಯ ಹೆಸರಿನ ಗತಿಯೇನು? ಇದೇ ಈ ವಿಷಯದ ತಿರುಳು. ಹಳೆಯ ಗಿರಾಕಿಯು ಹಳೆಯ ಹೆಸರನ್ನೇ ಬರೆದುಕೊಂಡು ಬರುತ್ತಾನೆ. ಅವನು ಬಂದ ಕೂಡಲೆ ಕೈಹಿಡಿದು ಹೊಸ ಹೆಸರಿನ ಬಾಗಿಲಿಗೆ ಕರೆದೊಯ್ಯುವ ಏರ್ಪಾಡಿಗೆ ರೀಡೈರೆಕ್ಟ್ ಎನ್ನುವರು. ಅದರಲ್ಲಿ ಎರಡು ಬಗೆಗಳುಂಟು: ೩೦೨ ಎಂಬ ಅಂಕೆಯದು ತಾತ್ಕಾಲಿಕ, ೩೦೧ ಎಂಬ ಅಂಕೆಯದು ಶಾಶ್ವತ. ನಾಮಾಂತರಕ್ಕೆ ಬೇಕಾದುದು ೩೦೧. ಇದನ್ನು ಕಂಡರೆ ಗೂಗಲ್‌ನಂತಹ ಶೋಧಯಂತ್ರಗಳೂ ಹಳೆಯ ಹೆಸರಿನ ಲೆಕ್ಕದಲ್ಲಿದ್ದ ಒಳ್ಳೆಯ ಮಾತನ್ನು ಹೊಸದರ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತವೆ. ಈ ಏರ್ಪಾಡನ್ನು ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಅದಕ್ಕೂ ಹೆಚ್ಚು ಕಾಲ ಇರಿಸಬೇಕೆಂದು ಗೂಗಲ್‌ನವರೇ ಹೇಳುತ್ತಾರೆ. ಪುಟಕ್ಕೆ ಪುಟವೇ ಹೊಂದುವಂತೆ ಇದನ್ನು ಮಾಡಬೇಕು. ಕೋಣೆಗಳ ದರವನ್ನು ನೋಡಲು ಬಂದವನನ್ನು ಮುಂಬಾಗಿಲಿನಲ್ಲಿ ತಂದು ನಿಲ್ಲಿಸಿದರೆ ಅವನು ಹಿಂದಿರುಗಿ ಹೋಗುವುದೇ ಹೆಚ್ಚು. ಟ್ವಿಟರ್ ಎಂಬ ಲೋಕಪ್ರಸಿದ್ಧವಾದ ತಾಣವು ೨೦೨೩ರಲ್ಲಿ ಎಕ್ಸ್ ಎಂದು ಹೆಸರನ್ನು ಬದಲಿಸಿಕೊಂಡು, ೨೦೨೪ರ ಮೇ ತಿಂಗಳಲ್ಲಿ ವಿಳಾಸವನ್ನೂ ಪೂರ್ತಿಯಾಗಿ ಬದಲಿಸಿದಾಗ, ಹಳೆಯ ಹೆಸರಿನಿಂದ ಬಂದವರನ್ನು ಹೀಗೆಯೇ ಹೊಸ ಬಾಗಿಲಿಗೆ ಸಾಗಿಸಿತು.

ಪಾಣಿನಿಯ ವ್ಯಾಕರಣವನ್ನು ಓದಿದವರಿಗೆ ಇಲ್ಲಿ ಒಂದು ಪರಿಚಿತವಾದ ನ್ಯಾಯವು ಕಾಣುವುದು. ಒಂದರ ಸ್ಥಾನದಲ್ಲಿ ಇನ್ನೊಂದು ಬಂದಾಗ ಮೊದಲಿನದನ್ನು ಸ್ಥಾನಿಯೆಂದೂ ಬಂದುದನ್ನು ಆದೇಶವೆಂದೂ ಕರೆಯುವರು. ಸ್ಥಾನಿಗೆ ಸಲ್ಲುತ್ತಿದ್ದ ಮರ್ಯಾದೆಯೆಲ್ಲವೂ ಆದೇಶಕ್ಕೆ ಸಲ್ಲುವುದು, ಇದೇ ಸ್ಥಾನಿವದ್ಭಾವ. ೩೦೧ ಎಂಬ ಅಂಕೆಯು ಮಾಡುವ ಕೆಲಸವು ಇದಲ್ಲದೆ ಬೇರೆಯಲ್ಲ. ಆದರೆ ಆ ಮಹಾಮುನಿಯು ಅದೇ ಉಸಿರಿನಲ್ಲಿ ಒಂದು ವಿನಾಯಿತಿಯನ್ನೂ ಇಟ್ಟಿದ್ದಾನೆ: ಅಕ್ಷರವನ್ನೇ ಆಶ್ರಯಿಸಿದ ಕಾರ್ಯಗಳಲ್ಲಿ ಈ ನ್ಯಾಯವು ನಡೆಯದು. ಸೋಜಿಗವೆಂದರೆ ಜಾಲತಾಣದಲ್ಲಿಯೂ ಆ ವಿನಾಯಿತಿಯು ಹಾಗೆಯೇ ಇದೆ. ಬ್ರೌಸರಿನಲ್ಲಿ ಬೀಗದ ಗುರುತನ್ನು ತೋರಿಸುವ ಭದ್ರತೆಯ ಪ್ರಮಾಣಪತ್ರವು ಹೆಸರಿನ ಒಂದೊಂದಕ್ಷರಕ್ಕೂ ಕಟ್ಟುಬಿದ್ದಿರುವುದು. ಹೊಸ ಹೆಸರಿಗೆ ಹೊಸದನ್ನೇ ಪಡೆಯಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯು ಇದನ್ನು ಉಚಿತವಾಗಿಯೇ ಕೊಡುತ್ತದೆ. ಹೋಸ್ಟಿಂಗ್ ಕಂಪನಿಗಳಲ್ಲಿ ಬಹುಮಂದಿ ತಾವೇ ಹಾಕಿಕೊಡುವರು. ಹಳೆಯ ಹೆಸರನ್ನು ಉಳಿಸಿಕೊಂಡಿರುವವರೆಗೆ ಅದರ ಪ್ರಮಾಣಪತ್ರವನ್ನೂ ಉಳಿಸಬೇಕು. ಇಲ್ಲದಿದ್ದರೆ ಹಳೆಯ ಬಾಗಿಲಿಗೆ ಬಂದವನಿಗೆ ದಾರಿಯ ಬದಲು ಅಪಾಯದ ಎಚ್ಚರಿಕೆಯೇ ಕಣ್ಣಿಗೆ ಬೀಳುವುದು.

ಅಕ್ಷರಕ್ಕೆ ಕಟ್ಟುಬಿದ್ದ ಎರಡನೆಯ ವಸ್ತು ಇ-ಮೇಲ್. ಇದರ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ರೀಡೈರೆಕ್ಟ್ ಎಂಬುದು ಮನುಷ್ಯರನ್ನು ಕರೆದೊಯ್ಯುವುದೇ ಹೊರತು ಪತ್ರಗಳನ್ನು ಒಯ್ಯುವುದಿಲ್ಲ. ಹಳೆಯ ಹೆಸರಿನ ವಿಳಾಸಕ್ಕೆ ಬರೆದ ಪತ್ರವು ಹಳೆಯ ಪೆಟ್ಟಿಗೆಗೇ ಬರುವುದು; ಪೆಟ್ಟಿಗೆಯನ್ನು ತೆಗೆದುಹಾಕಿದರೆ ಬರೆದವನಿಗೇ ಹಿಂದಿರುಗುವುದು. ಹೊರದೇಶದ ಯಾತ್ರಿಕನೊಬ್ಬನು ಆರು ತಿಂಗಳ ಹಿಂದೆ ವಿಚಾರಿಸಿ, ಈಗ ಕೋಣೆ ಬೇಕೆಂದು ಅದೇ ವಿಳಾಸಕ್ಕೆ ಬರೆದನೆಂದುಕೊಳ್ಳಿ. ಉತ್ತರ ಬಾರದಿದ್ದರೆ ಅವನು ಇನ್ನೊಂದು ವಸತಿಗೃಹವನ್ನು ನೋಡಿಕೊಳ್ಳುವನು. ಆದುದರಿಂದ ಹಳೆಯ ಪೆಟ್ಟಿಗೆಯನ್ನು ಹಾಗೆಯೇ ಇಟ್ಟು, ಅದಕ್ಕೆ ಬಂದುದು ಹೊಸದಕ್ಕೂ ಹೋಗುವಂತೆ ಮಾಡಬೇಕು.

ಇದಕ್ಕಿಂತ ಗಂಭೀರವಾದ ಸಂಗತಿಯೊಂದುಂಟು. ಬ್ಯಾಂಕು, ಜಿಎಸ್‌ಟಿ, ಆದಾಯತೆರಿಗೆ, ರೈಲು ಟಿಕೆಟ್ಟು ಎಂದು ನಾವು ಹತ್ತಾರು ಕಡೆ ಇ-ಮೇಲ್ ವಿಳಾಸವನ್ನು ಕೊಟ್ಟಿರುತ್ತೇವೆ. ಪಾಸ್‌ವರ್ಡು ಮರೆತರೆ ಹೊಸದನ್ನು ಮಾಡಿಕೊಳ್ಳುವ ಪತ್ರವು ಆ ವಿಳಾಸಕ್ಕೇ ಬರುವುದು. ಹಳೆಯ ಹೆಸರಿಗೆ ಹಣ ಕಟ್ಟುವುದನ್ನು ನಿಲ್ಲಿಸಿದೆವೆಂದಿಟ್ಟುಕೊಳ್ಳೋಣ. 'ಡಾಟ್ ಕಾಮ್' ಹೆಸರಾದರೆ ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳು ಮಾಮೂಲು ಶುಲ್ಕಕ್ಕೇ ಮತ್ತೆ ಪಡೆಯಬಹುದು. ಆಮೇಲಿನ ೩೦ ದಿನಗಳಲ್ಲಿ ದಂಡ ತೆತ್ತು ಬಿಡಿಸಿಕೊಳ್ಳಬಹುದು. ಅದಾದ ಮೇಲೆ ಐದು ದಿನಗಳಲ್ಲಿ ಹೆಸರು ಪಟ್ಟಿಯಿಂದ ಬಿದ್ದುಹೋಗಿ ಯಾರಿಗೆ ಬೇಕಾದರೂ ದೊರೆಯುವುದು. ಹೀಗೆ ಬಿದ್ದ ಹೆಸರುಗಳನ್ನು ಹೆಕ್ಕಿಕೊಳ್ಳುವುದೇ ಕಸುಬಾಗಿರುವ ಜನರಿದ್ದಾರೆ. ಅಂತಹವನೊಬ್ಬನು ಆ ಹೆಸರನ್ನು ಕೊಂಡನೆಂದರೆ ಮುಂದೆ ನಮ್ಮ ಹಳೆಯ ವಿಳಾಸಕ್ಕೆ ಬರುವ ಪತ್ರಗಳೆಲ್ಲವೂ ಅವನ ಕೈಸೇರುವುವು. ಪಾಸ್‌ವರ್ಡಿನ ಪತ್ರವೂ ಅದರಲ್ಲಿ ಸೇರಿತು. ಅಷ್ಟೇ ಅಲ್ಲ, ನಮ್ಮ ಜಾಲತಾಣದಂತೆಯೇ ಕಾಣುವ ಒಂದನ್ನು ಕಟ್ಟಿ, ಮುಂಗಡ ಹಣವನ್ನು ಅವನು ಪಡೆಯಲೂಬಹುದು. ನನ್ನ ಶಿಷ್ಯನಿಗೆ ನಾನು ಹೇಳಿದುದು ಇಷ್ಟೇ: "ವರ್ಷಕ್ಕೆ ಒಂದು ದಿನದ ಕೋಣೆಯ ಬಾಡಿಗೆಯಷ್ಟೂ ಆಗದ ಹಣಕ್ಕಾಗಿ ಹಳೆಯ ಹೆಸರನ್ನು ಬಿಡಬೇಡ. ಬಿಡಲೇಬೇಕಾದರೆ ಮೊದಲು ಎಲ್ಲ ಕಡೆಗಳಲ್ಲಿಯೂ ಇ-ಮೇಲ್ ವಿಳಾಸವನ್ನು ಬದಲಿಸಿ, ಆಮೇಲೆ ಒಂದೆರಡು ವರ್ಷ ಕಳೆದ ಮೇಲೆ ಬಿಡು." ಅವನು ಬಿಟ್ಟಿಲ್ಲ.

ಜಾಲತಾಣವಿಲ್ಲದ ಗೃಹಸ್ಥರಿಗೆ ಇದರಿಂದೇನು ಎನ್ನುವಂತಿಲ್ಲ. ಇತರರ ನಾಮಾಂತರವೂ ನಮ್ಮ ಮನೆಬಾಗಿಲಿಗೆ ಬರುತ್ತದೆ. ಬಳ್ಳಾರಿಯಲ್ಲಿ ಕೇಂದ್ರಕಚೇರಿಯುಳ್ಳ ಗ್ರಾಮೀಣ ಬ್ಯಾಂಕಿನ ಕಥೆಯನ್ನೇ ನೋಡಿರಿ. ೧೯೭೬ರಲ್ಲಿ ಅದು ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಆಗಿ ಹುಟ್ಟಿತು. ಇತರ ಬ್ಯಾಂಕುಗಳೊಡನೆ ಕೂಡಿ ೨೦೦೫ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. ೨೦೧೩ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಆಯಿತು. ೨೦೧೯ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ೨೦೨೫ರ ಮೇ ೧ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಇದರೊಡನೆ ಕೂಡಿದಾಗ ಕನ್ನಡದಲ್ಲಿ ಹೆಸರು ಹಾಗೆಯೇ ಉಳಿದು, ಇಂಗ್ಲಿಷಿನಲ್ಲಿ 'ಗ್ರಾಮೀಣ' ಎಂಬುದರ ಕಾಗುಣಿತ ಮಾತ್ರ ಬೇರೆಯಾಯಿತು. ತುಂಗಭದ್ರೆಯ ಪಾಸ್‌ಬುಕ್ಕನ್ನು ಪೆಟ್ಟಿಗೆಯಲ್ಲಿ ಇನ್ನೂ ಇಟ್ಟುಕೊಂಡಿರುವ ಅಜ್ಜಿಯಂದಿರಿಗೆ ಯಾರಾದರೂ ಫೋನು ಮಾಡಿ, "ಅಮ್ಮಾ, ಬ್ಯಾಂಕಿನ ಹೆಸರು ಬದಲಾಗಿದೆ, ಈ ಹೊಸ ಜಾಲತಾಣದಲ್ಲಿ ಓಟಿಪಿ ಹಾಕಿ" ಎಂದರೆ ನಂಬದಿರುವುದು ಕಷ್ಟ. ಮಾತಿನಲ್ಲಿ ಅರ್ಧ ಸತ್ಯವಿರುವುದಷ್ಟೆ!

ಈ ಮೋಸವನ್ನು ತಡೆಯಬೇಕೆಂದೇ ರಿಸರ್ವ್ ಬ್ಯಾಂಕು ೨೦೨೫ರ ಫೆಬ್ರವರಿಯಲ್ಲಿ ಒಂದು ಕ್ರಮವನ್ನು ಪ್ರಕಟಿಸಿತು. ಭಾರತದ ಬ್ಯಾಂಕುಗಳ ಜಾಲತಾಣಗಳ ಹೆಸರು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದೇ ಮುಗಿಯಬೇಕು. ಆ ವರ್ಷದ ಅಕ್ಟೋಬರ್ ೩೧ರೊಳಗೆ ಎಲ್ಲರೂ ಬದಲಿಸಿಕೊಳ್ಳಬೇಕು ಎಂದು ಗೊತ್ತುಮಾಡಿತು. ಈ ಹೆಸರನ್ನು ಕೊಡುವ ಅಧಿಕಾರವು ಹೈದರಾಬಾದಿನಲ್ಲಿರುವ ಐಡಿಆರ್‌ಬಿಟಿ ಎಂಬ ಸಂಸ್ಥೆಯೊಂದಕ್ಕೆ ಮಾತ್ರ ಉಂಟು. ಬ್ಯಾಂಕಲ್ಲದವನು ಹಣ ಕೊಟ್ಟರೂ ಅದು ದೊರೆಯದು. ಸ್ಟೇಟ್ ಬ್ಯಾಂಕು, ಕೆನರಾ ಬ್ಯಾಂಕು ಮೊದಲಾದುವೆಲ್ಲ ಹೀಗೆ ನಾಮಾಂತರ ಹೊಂದಿದುವು. ದೇಶದ ಬ್ಯಾಂಕುಗಳು ಹೀಗೆ ಹೊಸ ಹೆಸರನ್ನು ಧರಿಸಿದುದು ಸಣ್ಣ ಕಾರ್ಯವಲ್ಲ. ಮನೆಯಲ್ಲಿ ಬ್ಯಾಂಕಿನ ಕೆಲಸವನ್ನು ಫೋನಿನಲ್ಲಿ ಮಾಡುವವರು, ಹೆಸರಿನ ಮೊದಲಿಗಿಂತ ಅದರ ಬಾಲವನ್ನು ಓದುವುದನ್ನು ರೂಢಿಮಾಡಿಕೊಳ್ಳಬೇಕು. ಮೊದಲಿನಲ್ಲಿ ಯಾವ ಬ್ಯಾಂಕಿನ ಹೆಸರನ್ನಾದರೂ ಯಾರಾದರೂ ತುರುಕಬಹುದು, ಬಾಲವನ್ನು ತುರುಕಲಾಗದು. ಮಧ್ಯದಲ್ಲೆಲ್ಲಿಯೋ 'ಬ್ಯಾಂಕ್' ಎಂದಿದ್ದು, ಕೊನೆಯಲ್ಲಿ ಬೇರೇನೋ ಇದ್ದರೆ ಅದು ಸಾಲದು.

ಇನ್ನು ಹೊಸದಾಗಿ ಹೆಸರನ್ನಿಡುವವರಿಗೆ ಒಂದು ಮಾತು. ಹೆಸರಿನೊಳಗೆ ಊರನ್ನು ಸೇರಿಸಿದರೆ ಊರಿನ ಕಾಗುಣಿತಕ್ಕೆ ನಾವೂ ಕಟ್ಟುಬೀಳುವೆವು. ಹಾಗೆಂದು ಊರನ್ನೇ ಬಿಡಬೇಕೆಂದು ನಾನು ಹೇಳಲಾರೆ. ಹಂಪೆಯ ಹೆಸರಿಲ್ಲದ ಹಂಪೆಯ ವಸತಿಗೃಹವನ್ನು ಯಾರು ಹುಡುಕುವರು? ಎರಡು ಕಾಗುಣಿತಗಳು ಬಳಕೆಯಲ್ಲಿದ್ದರೆ ಎರಡನ್ನೂ ಕೊಂಡು, ಒಂದನ್ನು ಇನ್ನೊಂದರ ಕಡೆಗೆ ತಿರುಗಿಸಿಡುವುದು ಒಳ್ಳೆಯದು. ಕನ್ನಡ ಲಿಪಿಯಲ್ಲಿಯೇ 'ಡಾಟ್ ಭಾರತ' ಎಂದು ಮುಗಿಯುವ ಹೆಸರುಗಳನ್ನೂ ನಿಕ್ಸಿ ಸಂಸ್ಥೆಯು ಕೊಡುತ್ತದೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು. ಆ ಲಿಪಿಯಲ್ಲಿ ಬರೆದಿದ್ದರೆ ಹೊಸಪೇಟೆಗೂ ಬಳ್ಳಾರಿಗೂ ೨೦೧೪ರಲ್ಲಿ ಯಾವ ತೊಂದರೆಯೂ ಬರುತ್ತಿರಲಿಲ್ಲ. ಆದರೆ ಹೊರದೇಶದವರ ಕೀಲಿಮಣೆಯಲ್ಲಿ ಕನ್ನಡವಿರುವುದಿಲ್ಲ. ಇ-ಮೇಲ್ ಸೇವೆಗಳಲ್ಲಿ ಕೆಲವು ಇಂತಹ ವಿಳಾಸಗಳನ್ನು ಇನ್ನೂ ಒಪ್ಪುವುದಿಲ್ಲ. ಅದಕ್ಕಾಗಿ ನನ್ನ ಶಿಷ್ಯನು ರೋಮನ್ ಲಿಪಿಯ ಎರಡು ಹೆಸರುಗಳ ಜೊತೆಗೆ ಕನ್ನಡದ ಒಂದನ್ನೂ ತೆಗೆದುಕೊಂಡು, ಮೂರನ್ನೂ ಅದೇ ಮನೆಗೆ ತಿರುಗಿಸಿದ್ದಾನೆ. ಬಾಗಿಲ ಮೇಲಿನ ಫಲಕದಲ್ಲಿ ಕನ್ನಡದ್ದನ್ನೇ ಬರೆಸಿದ್ದಾನೆ.